ಒಂದು ಗುಳಿಗೆಗೆ ಒಂದು ಉಂಡಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಡಾಕ್ಟರರ ದನಿ ಅಣಕಿಸಿ ಕಾಕಾಗೆ ಸಿಹಿ ಉಂಡಿ ತಿನ್ನಿಸಿದವನು ನಾನು. ಇವತ್ತು ಬೆಳಿಗ್ಗೆ ಕಾಕಾನ ಹೆಂಡತಿ, ನಮ್ಮ ಚಿಗವ್ವ, ವಿಟಮಿನ್ ಶೀಶೆಯ ಬಿರಡೆ ತೆಗೆದಳು. ಹುಳಿ ಬಂದ ಹಿಟ್ಟಿನಂಥ ವಾಸನೆ ಪಡಸಾಲೆ ತುಂಬಿತು. ಆ ವಾಸನೆಗೆ ನನ್ನ ಮಾತು ನಿಂತುಹೋಗುತ್ತದೆ. ಕಂಡವರ ದನಿಯನ್ನೆಲ್ಲ ಅಣಕಿಸಿ ನಗಿಸುವವನು ನಾನು; ನಮ್ಮ ಸುರಪುರದಲ್ಲಿ ಇದನ್ನು ನಂಬುವವರು ಕಡಿಮೆ.

ಕಾಕಾನದು ಬಟ್ಟೆ ಅಂಗಡಿ, ಮೈಯಲ್ಲಿ ಸಕ್ಕರೆ ರೋಗ. ಸರ್ಕಾರಿ ದವಾಖಾನೆಯ ಡಾಕ್ಟರರು ಹೈದರಾಬಾದಿನವರು. ಕನ್ನಡವನ್ನು ಬಿಸಿ ಚಹಾದಂತೆ ಗುಟುಕು ಗುಟುಕಾಗಿ ಆಡುತ್ತಿದ್ದರು. ಕಾಕಾನ ಅಂಗಾಲು ಜುಮುಗುಟ್ಟುತ್ತದೆಂದು ದಿನಕ್ಕೆರಡು ವಿಟಮಿನ್ ಗುಳಿಗೆ ಕೊಟ್ಟು, ಸಿಹಿ ಬಂದ್ ಎಂದಿದ್ದರು.

ನಾಗರಪಂಚಮಿ ಬಂತು. ನಮ್ಮೆಲ್ಲರ ಮುಂದೆ ಐದು ಬಗೆಯ ಉಂಡಿ, ಕಾಕಾನ ಮುಂದೆ ರೊಟ್ಟಿ, ಪುಂಡಿಪಲ್ಲೆ. ಅವರ ಮುಖ ನೋಡಲಾರದೆ ನಾನು ಅವರದೇ ಕೋಟು ತೊಟ್ಟು, ಅಂಗಡಿಯ ಅಳತೆಪಟ್ಟಿಯನ್ನು ಸ್ಟೆತಾಸ್ಕೋಪಿನಂತೆ ಕೊರಳಿಗೆ ಇಳಿಬಿಟ್ಟು ಡಾಕ್ಟರನಾದೆ.

“ಫಿಕರ್ ಮಾಡಬ್ಯಾಡ್ರಿ ಸಾಹುಕಾರ. ಒಂದ್ ಗುಳಿಗಿಗೆ ಒಂದ್ ಉಂಡಿ ಮಾಫ್.”

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಗುಳಿಗೆ ನುಂಗಿ ಉಂಡಿಗೆ ಕೈಹಾಕಿದರು.

ಅಂದಿನಿಂದ ಎರಡು ಗುಳಿಗೆ ಆರಾದವು. ಆಸೆಗೆ ಒಂದು ಅಪ್ಪಣೆ ಬೇಕಿರುತ್ತದೆ, ನೋಡಿ. ಯಾರ ಗಂಟಲಿನಿಂದ ಬಂತೆಂದು ಅದು ವಿಚಾರಿಸುವುದಿಲ್ಲ. ನಾನಾದರೂ, ಜನ ನಕ್ಕ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ಅಲ್ಲ. ಆಮೇಲೆ ಕಾಕಾನ ಕಾಲಿಗೆ ಜಾಲಿಮುಳ್ಳು ಚುಚ್ಚಿತು. ಮುಳ್ಳು ಹೊರಬಂದರೂ ಗಾಯ ಮಾಯಲಿಲ್ಲ, ಹೆಬ್ಬೆರಳು ಕಪ್ಪಿಡತೊಡಗಿತು.

ದವಾಖಾನೆಯಲ್ಲಿ ಡಾಕ್ಟರರು ಕಾಕಾನ ಮೂತ್ರದ ಹನಿಗಳನ್ನು ನೀಲಿ ಔಷಧಕ್ಕೆ ಬೆರೆಸಿ ಗಾಜಿನ ನಳಿಗೆಯಲ್ಲಿ ಕಾಸಿದರು. ನೀಲಿ ಉಳಿದರೆ ಕ್ಷೇಮ. ಅದು ಹಸಿರಾಗಿ, ಹಳದಿಯಾಗಿ, ಇಟ್ಟಿಗೆಗೆಂಪಿಗೆ ಬಂದು ನಿಂತಿತು. ಸಿಹಿ ತಿನ್ನಲು ಯಾರು ಹೇಳಿದರೆಂದು ಕೇಳಿದರು.

“ನೀವಽ ಹೇಳಿದ್ರಿ,” ಎಂದು ಕಾಕಾ ನನ್ನತ್ತ ಕೈ ತೋರಿಸಿದರು. “ಇವನ ಬಾಯಿಲೆ.”

ಡಾಕ್ಟರರು ನನ್ನಿಂದ ಅದನ್ನು ಮತ್ತೊಮ್ಮೆ ಹೇಳಿಸಿದರು. ಅವರ ಎದುರಿಗೆ ಅವರ ದನಿ ಬರಲಿಲ್ಲ, ಕುರಿಯ ದನಿ ಬಂತು. ವಿಟಮಿನ್ ಮೈಯಲ್ಲಿ ಕಡಿಮೆ ಬಿದ್ದದ್ದನ್ನು ತುಂಬುತ್ತದೆ, ಸಕ್ಕರೆಯ ಗೊಡವೆಗೆ ಹೋಗುವುದಿಲ್ಲ ಎಂದು ಅವರು ತಿಳಿಹೇಳಿದರು. ಇನ್ಸುಲಿನ್ ಸೂಜಿ ಶುರುಮಾಡಿ, ಬಾಯಿ ಕಟ್ಟದಿದ್ದರೆ ಕಾಲು ಕೊಯ್ಯಬೇಕಾದೀತು ಎಂದರು.

ಕಾಲು ಉಳಿಯಿತು. ಇವತ್ತೂ ಕಾಕಾ ಅದೇ ಕಾಲಿನಲ್ಲಿ, ತುಸು ಎಡಕ್ಕೆ ವಾಲುತ್ತ, ಅಂಗಡಿಗೆ ಹೋದರು. ಆ ನಡಿಗೆಯನ್ನು ಅಣಕಿಸಿ ತೋರಿಸೆಂದು ಗೆಳೆಯರು ಕೇಳುತ್ತಾರೆ. ನಾನು ಒಲ್ಲೆ ಎನ್ನುತ್ತೇನೆ. ಅವತ್ತು ದವಾಖಾನೆಯ ಮೆಟ್ಟಿಲ ಮೇಲೆ, ತಮಾಷೆಗೆ ಅಂದಿದ್ದೆ ಎಂದು ನಾನು ಗೊಣಗಿದಾಗ ಚಿಗವ್ವ ಹೇಳಿದ್ದು ಇಷ್ಟೇ:

“ನಿಮ್ಮ ಕಾಕಾನ ನಡಿಗಿ ಈಗಽ ಚಂದಾಗಿ ಕಲತಿಟ್ಕೊ ತಮ್ಮಾ. ಕಾಲ ಕೊಯ್ದ ಮ್ಯಾಲ ನಾವು ಅದನ್ನ ನಿನ್ನ ಮೈಯಾಗಽ ನೋಡಬೇಕಾಕ್ಕೈತಿ.”