ಬಾದಾಮಿ ಮರದ ಹತ್ತಿರ ಕೈ ಬೀಸುವವನು

ದ್ರಾಕ್ಷಿ ತೋಟದ ಇಸಿದ್ರೆ ಸುಮ್ಮನೆ ಕೈ ಎತ್ತುವ ಮನುಷ್ಯನಲ್ಲ. ಎತ್ತಿದರೆ ಗುದ್ದಲಿ ಎತ್ತಬೇಕು, ಇಲ್ಲವೇ ದ್ರಾಕ್ಷಿ ತುಂಬಿದ ಬುಟ್ಟಿ ಎತ್ತಬೇಕು. ದಾರಿಯಲ್ಲಿ ಎದುರಾದವರಿಗೆ ಗದ್ದವನ್ನು ಅರ್ಧ ಇಂಚು ಮೇಲಕ್ಕೆ ಮಾಡಿದರೆ ಅದೇ ಅವನ ನಮಸ್ಕಾರ. ಪಾದ್ರಿಗೂ ಅಷ್ಟೇ, ಪಶುವೈದ್ಯನಿಗೂ ಅಷ್ಟೇ. ಅರವತ್ತನಾಲ್ಕು ವರ್ಷದ ಬದುಕು ಆ ಗದ್ದದ ಮೇಲೆಯೇ ನಡೆದುಹೋಗಿತ್ತು, ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ.

ಚಿಕ್ಕಂದಿನಲ್ಲಿ ಹೀಗಿರಲಿಲ್ಲವಂತೆ. ತೆರ್ರಾ ಆಲ್ತಾ ಸೀಮೆಯ ಬೆಟ್ಟಗಳ ನಡುವೆ ಅವನ ಅಜ್ಜ ಹಾಕಿದ ಬಿಳಿ ದ್ರಾಕ್ಷಿಯ ತೋಟ ರೈಲು ಹಳಿಗೆ ಅಂಟಿಕೊಂಡೇ ಇತ್ತು. ತೋಟದ ಕೊನೆಗೊಂದು ಬಾದಾಮಿ ಮರ, ಮರದಿಂದ ಮೂವತ್ತು ಹೆಜ್ಜೆಗೆ ಸುರಂಗದ ಬಾಯಿ. ಬೆಳಗಿನ ರೈಲು ಬಂದ ಕೂಡಲೇ ಪುಟ್ಟ ಇಸಿದ್ರೆ ಮರದ ಹತ್ತಿರ ಓಡಿ, ಟೊಪ್ಪಿ ತೆಗೆದು, ಎರಡೂ ಕೈ ಬೀಸಿ, ಗಾಳಿಯಲ್ಲಿ ಮುತ್ತು ತೂರುತ್ತಿದ್ದ. ಒಂದು ದಿನ ಅಪ್ಪ ನೋಡಿದ. "ಆ ಕೈಗೆ ಬೇರೆ ಕೆಲ್ಸ ಇಲ್ವೇನೋ?" ಎಂದು ಕಪಾಳಕ್ಕೆ ಬಿಗಿದ. ಅಲ್ಲಿಗೆ ಮುಗಿಯಿತು. ಅವನಿಗೆ ಹನ್ನೆರಡಾಗುವ ಹೊತ್ತಿಗೆ ಮುಂದೆಲ್ಲೋ ಒಂದು ಸುರಂಗ ಕುಸಿದು ರೈಲೂ ನಿಂತುಹೋಯಿತು.

ಅದೇ ರೈಲಿನಲ್ಲಿ ಅಮ್ಮನ ಜೊತೆ ತೊರ್ತೋಸಾ ಪೇಟೆಗೆ ಹೋಗುತ್ತಿದ್ದ ಪಕ್ಕದೂರಿನ ಹುಡುಗಿ ಸಿಂತಾ ಮುಂದೆ ಅವನ ಹೆಂಡತಿಯಾದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದಳು: "ಬಾದಾಮಿ ಮರದ ಹತ್ರ ಕುಣೀತಿದ್ದ ಹುಡುಗ ನೀನೇ ಅಲ್ವಾ?"

"ನಾನಲ್ಲ" ಎಂದ ಇಸಿದ್ರೆ.

ಆಮೇಲೆ ಹಳಿ ಕಿತ್ತರು. ಎಷ್ಟೋ ವರ್ಷ ಮುಳ್ಳು ಬೆಳೆದು ಬಿದ್ದಿದ್ದ ದಾರಿಯನ್ನು ಸಮ ಮಾಡಿ, ಸುರಂಗಗಳಿಗೆ ದೀಪ ಹಾಕಿ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟರು. ಕಾರು, ಲಾರಿ ಬಿಡಿ, ಇಸಿದ್ರೆಯ ಟ್ರ್ಯಾಕ್ಟರು ಕೂಡ ಅದರ ಮೇಲೆ ಚಕ್ರ ಇಡುವಂತಿಲ್ಲ. ಬಣ್ಣಬಣ್ಣದ ಬಿಗಿ ಬಟ್ಟೆ ಹಾಕಿಕೊಂಡ ಪಟ್ಟಣದ ಜನ ಇಡೀ ದಿನ ಅವನ ತೋಟದ ಅಂಚಿನಲ್ಲಿ ಉರುಳಿಕೊಂಡು ಹೋಗುವರು, ಎಲ್ಲರೂ "ಓಲಾ" ಎಂದು ನಮಸ್ಕಾರ ಹೇಳುವರು. ಕೂಲಿ ಇಲ್ಲದೆ ಬೆವರು ಸುರಿಸುವ ಈ ಜನಕ್ಕೆ ಇಸಿದ್ರೆ ಗದ್ದ ಕೂಡ ಎತ್ತುತ್ತಿರಲಿಲ್ಲ.

ಹಳೆಯ ಸ್ಟೇಷನ್ನಿನಲ್ಲಿ ಸೈಕಲ್ ಬಾಡಿಗೆಗೆ ಕೊಡುವವಳು ಇಸಿದ್ರೆಯ ಅಣ್ಣನ ಮಗಳು ರೆಮೆಯ್. ಈ ಫೆಬ್ರವರಿಯಲ್ಲಿ ಅವಳು ಒಂದು ಜೋಡಿ ಸೈಕಲ್ ತರಿಸಿದಳು. ಒಬ್ಬರ ಹಿಂದೊಬ್ಬರು ಕೂತು ಇಬ್ಬರೂ ತುಳಿಯುವ ಉದ್ದನೆಯ ಸೈಕಲ್. ಸಿಂತಾ ನೋಡಿ ಬಂದವಳೇ ಗಂಡನಿಗೆ ಹೇಳಿದಳು:

"ಬಾರೋ, ಒಂದ್ಸಲ ಹೋಗ್ ಬರೋಣ. ತುಳಿಯೋದೂ ಬೇಡ, ಇಳಿಜಾರಲ್ಲಿ ತಾನೇ ಉರುಳುತ್ತೆ."

"ನಂಗೇನು ಬಾರ್ಸೆಲೋನಾದಲ್ಲಿ ಬಂಗ್ಲೆ ಇದ್ಯಾ? ಅದೆಲ್ಲ ಕೆಲ್ಸ ಇಲ್ದೋರ ಆಟ."

ಮರುವಾರ ಇನ್ನೊಮ್ಮೆ ಕೇಳಿದಳು. ಮತ್ತೂ ಒಮ್ಮೆ ಕೇಳಿದಳು. ಆಮೇಲೆ ಕೇಳಲಿಲ್ಲ.

ಮಾರ್ಚಿನಲ್ಲಿ ಬಾಲ್ದಿರಿಯ ಸುದ್ದಿ ಬಂತು. ಬಾಲ್ದಿರಿ ಮೂವತ್ತು ವರ್ಷ ಊರಿನ ವೈನ್ ಸಹಕಾರ ಸಂಘದಲ್ಲಿ ಮುಖ್ಯಸ್ಥನಾಗಿದ್ದವನು. ಲೋಟಕ್ಕೆ ಮೂಗು ಇಟ್ಟರೆ ಯಾರ ತೋಟದ ಹಣ್ಣು, ಯಾವ ಇಳಿಜಾರಿನದು ಎಂದು ಹೇಳಿಬಿಡುತ್ತಿದ್ದ. ಹೆಂಡತಿ ಹೋಗಿ ಆರು ವರ್ಷ. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿತ್ತು. ಕಾಲಾದರೂ ಉಳಿಯಬೇಕಾದರೆ ದಿನಾ ಆಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಮುಂದೆ ಕೂತು ದಾರಿ ನೋಡುವವರು ಯಾರಾದರೂ ಬೇಕು ಎಂದು ರೆಮೆಯ್ ಕೇಳಿದಾಗ ಸಿಂತಾ "ನಾನಿದ್ದೀನಲ್ಲ" ಎಂದಳು. ಹಳದಿ ಬಣ್ಣದ ಹೆಲ್ಮೆಟ್ ಕೊಂಡಳು. ಭಾನುವಾರ ಬಿಟ್ಟು ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟಳು.

ಊರಿನ ಬಾರಿನಲ್ಲಿ ಇದಕ್ಕಿಂತ ರುಚಿಯಾದ ಸಂಗತಿ ಬೇಕೆ?

"ಏನಯ್ಯಾ ಇಸಿದ್ರೆ, ನಿನ್ ಹೆಂಡ್ತಿ ಜೋಡಿ ಸಿಕ್ತು ಅಂತ ಹೊರಟ್ಳಂತೆ!"

"ಅವ್ನಿಗೆ ಕಣ್ಣು ಕಾಣಲ್ಲ ಕಣ್ರೋ, ಇವ್ನಿಗ್ಯಾಕೆ ಭಯ?"

"ಕಣ್ಣು ಹೋದ್ರೇನು, ಮೂಗು ಚೆನ್ನಾಗಿದ್ಯಲ್ಲ!"

ಇಸಿದ್ರೆ ಕಾಫಿ ಲೋಟ ಕುಕ್ಕಿ ಎದ್ದು ಬಂದ. ಅಂದಿನಿಂದ ಬಾರಿಗೆ ಹೋಗುವುದನ್ನೇ ಬಿಟ್ಟ.

ಹೊಟ್ಟೆಕಿಚ್ಚು ಎಂದರೇನೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪಕ್ಕದ ತೋಟದವನ ಫಸಲು ಕಂಡು ಕರುಬಿದ್ದುಂಟು, ಅದು ಕೊಯ್ಲು ಮುಗಿದರೆ ತಾನೂ ಮುಗಿಯುತ್ತಿತ್ತು. ಇದು ಊಟಕ್ಕೆ ಕೂತರೆ ಎದೆಗೆ ಬಂದು ಕೂರುತ್ತಿತ್ತು. ಸಿಂತಾ ಪಾತ್ರೆ ತೊಳೆಯುವಾಗ ಏನೋ ಗುನುಗುವಳು, ಯಾರಿಗಾಗಿ? ಹೊಸ ಬೂಟು ತಂದಳು, ಕಣ್ಣಿಲ್ಲದವನಿಗೆ ತೋರಿಸಲಿಕ್ಕೆಯೆ? ಮನೆಯಲ್ಲಿ ಅವಳಾಡುವ ಮಾತು ಉಪ್ಪು, ಬಿಲ್ಲು, ಮಳೆಯ ಆಚೆ ಹೋಗಿ ಯಾವ ಕಾಲವಾಗಿತ್ತೋ. ಸೈಕಲ್ ಮೇಲೆ ಮಾತ್ರ ಅವಳ ಬಾಯಿಗೆ ಬಿಡುವೇ ಇಲ್ಲ. ಸೈಕಲ್ ಕಾಣುವುದಕ್ಕೆ ಮೊದಲೇ ಅವಳ ನಗು ತೋಟಕ್ಕೆ ಬಂದು ಮುಟ್ಟುತ್ತಿತ್ತು.

ಒಂದು ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಬುತ್ತಿ ಕಟ್ಟಿಟ್ಟಿತ್ತು. ಗುಂಡನೆಯ ಬ್ರೆಡ್ಡಿನ ತಿರುಳು ತೆಗೆದು, ಸುಟ್ಟ ಮೀನು, ಟೊಮೆಟೊ, ಬೆಳ್ಳುಳ್ಳಿ ತುಂಬುವ ಕ್ಲೋಚಾ. ಒಂದು ಇವನಿಗೆ, ಇನ್ನೊಂದು ಬಾಲ್ದಿರಿಗೆ. ಇಸಿದ್ರೆ ಎರಡನ್ನೂ ಕೈಯಲ್ಲಿ ತೂಗಿ ನೋಡಿದ. ಬಾಲ್ದಿರಿಯದೇ ಭಾರ ಅನ್ನಿಸಿತು. ಸುತ್ತ ನೋಡಿ ಅದಲುಬದಲು ಮಾಡಿದ. ತೋಟದಲ್ಲಿ ಬಿಚ್ಚಿ ಕಚ್ಚಿದರೆ ಬೆಳ್ಳುಳ್ಳಿಯೇ ಇಲ್ಲ! ಆ ಮೂಗಿಗೆ ಬೆಳ್ಳುಳ್ಳಿ ಆಗುವುದಿಲ್ಲ ಎಂಬುದೂ ಇವಳಿಗೆ ಗೊತ್ತಾಗಿದೆಯಲ್ಲ ಎಂದು ಬುತ್ತಿಯನ್ನು ಅರ್ಧಕ್ಕೇ ಕಟ್ಟಿಟ್ಟ.

ರಾತ್ರಿ ಊಟಕ್ಕೆ ಸಿಂತಾ ತಟ್ಟೆ ಇಡುತ್ತಾ, "ಪಾಪ ಬಾಲ್ದಿರಿ, ಇವತ್ತು ಮೂಗು ಹಿಡ್ಕೊಂಡು ಉಪವಾಸ ಕೂತ" ಎಂದಳು. ಇಸಿದ್ರೆ ಸೂಪಿನೊಳಗೆ ಮುಖ ಹುದುಗಿಸಿದ.

ಎಲ್ಲಕ್ಕಿಂತ ಅವನನ್ನು ಸುಟ್ಟದ್ದು ಆ ಕೈ. ಸೈಕಲ್ ಬಾದಾಮಿ ಮರದ ಹತ್ತಿರ ಬಂದ ತಕ್ಷಣ ಹಿಂದಿನ ಸೀಟಿನ ಬಾಲ್ದಿರಿ, ದಿನವೂ ತಪ್ಪದೆ, ತೋಟದ ಕಡೆಗೆ ತಿರುಗಿ ಕೈ ಬೀಸುತ್ತಿದ್ದ. ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದ. ಕುರುಡನಿಗೆ ಇವನು ಇಲ್ಲಿರುವುದು ಹೇಗೆ ಗೊತ್ತಾಗಬೇಕು? ಇವಳು ಹೇಳುತ್ತಾಳೆ. "ನೋಡು, ಅಲ್ಲಿ ನಿಂತಿದ್ದಾನೆ ನಮ್ಮ ಪೆದ್ದ" ಎನ್ನುತ್ತಾಳೆ, ಅವನು ಕೈ ಬೀಸಿ ಅಣಕಿಸುತ್ತಾನೆ. ಇಸಿದ್ರೆ ಪ್ರತಿ ದಿನವೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ. ಬೆನ್ನಿಗೂ ಆ ಕೈ ಕಾಣುತ್ತಿತ್ತು.

ಮೇ ತಿಂಗಳ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಇಬ್ಬರೂ ತನ್ನ ಬಗ್ಗೆ ಏನು ಆಡಿಕೊಳ್ಳುತ್ತಾರೆಂದು ಕಿವಿಯಾರೆ ಕೇಳಲೇಬೇಕು. ಕೇಳಿ, ಮಾತು ತಾನಂದುಕೊಂಡಂತೆಯೇ ಇದ್ದರೆ, ಅಂದೇ ಅವಳ ಪೆಟ್ಟಿಗೆಯನ್ನು ಬಾಗಿಲಾಚೆ ಇಡುವುದು. ಆದರೆ ಆ ದಾರಿಯಲ್ಲಿ ಯಾರ ಹಿಂದೆಯೂ ಕದ್ದು ಹೋಗುವಂತಿಲ್ಲ. ನೇರ ದಾರಿ, ಒಂದು ಮೈಲಿಯಿಂದಲೇ ಕಾಣುತ್ತದೆ. ಅಡ್ಡ ಬಂದವರೆಲ್ಲ ಓಲಾ ಎಂದು ಕೂಗಿ ಮರ್ಯಾದೆ ತೆಗೆಯುತ್ತಾರೆ. ಅಡಗಲು ಇದ್ದದ್ದು ಸುರಂಗ ಒಂದೇ. ರೈಲು ಬಂದಾಗ ಕೂಲಿಯವರು ಸರಿದು ನಿಲ್ಲಲೆಂದು ಹಿಂದೆ ಅದರ ಗೋಡೆಯಲ್ಲಿ ಗೂಡುಗಳನ್ನು ಕೊರೆದಿದ್ದರು.

ಅಂದು ಬೆಳಿಗ್ಗೆ, "ಮೇಲಿನ ತೋಟಕ್ಕೆ ಹೋಗ್ತೀನಿ" ಎಂದು ಮನೆಯಲ್ಲಿ ಹೇಳಿ, ಒಂಬತ್ತಕ್ಕೆ ಮೊದಲೇ ಸುರಂಗ ಹೊಕ್ಕ. ಒಳಗೆ ಯಾರು ಕಾಲಿಟ್ಟರೂ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಇಸಿದ್ರೆ ಬಾಯಿಗೆ ಹತ್ತಿರದ ಗೂಡಿನಲ್ಲಿ ಅಲುಗಾಡದೆ ನಿಂತ. ಸ್ವಲ್ಪ ಹೊತ್ತಿಗೆ ದೀಪ ಆರಿತು. ಅಲ್ಲಿಂದ ಅವನ ತೋಟ ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಸಾಲು ಸಾಲು ಎಳೆ ಚಿಗುರು, ಬಾದಾಮಿ ಮರ. ಒಂದು ನರಪಿಳ್ಳೆಯೂ ಇರಲಿಲ್ಲ.

ನಗು ಬಂತು. ಹಿಂದೆಯೇ ಸೈಕಲ್ಲೂ ಬಂತು.

"ಮರ ಬಂತಾ?" ಬಾಲ್ದಿರಿಯ ಧ್ವನಿ. "ಇದ್ದಾನಾ ನಿನ್ ಗಂಡ?"

"ಇದ್ದಾನೆ, ಇಲ್ದೆ ಎಲ್ಲಿಗೋಗ್ತಾನೆ?" ಎಂದಳು ಸಿಂತಾ, ಖಾಲಿ ತೋಟವನ್ನು ನೋಡುತ್ತಾ. "ಟೊಪ್ಪಿ ತೆಗ್ದಿದ್ದಾನೆ. ಎರಡೂ ಕೈ ಬೀಸ್ತಿದ್ದಾನೆ."

ಬಾಲ್ದಿರಿ ಖಾಲಿ ತೋಟಕ್ಕೆ ಕೈ ಬೀಸಿದ.

"ಮುತ್ತು?"

"ಎಸೆದ. ಇವತ್ತು ಎರಡು."

"ಈ ವಯಸ್ಸಲ್ಲಿ! ನಿಜ ಹೇಳ್ಲಾ ಸಿಂತಾ, ಅವನ್ನ ನೆನೆಸ್ಕೊಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ."

ಸಿಂತಾ ನಕ್ಕಳು. ಸೈಕಲ್ ಸುರಂಗದೊಳಗೆ ಬಂತು, ದೀಪ ಭಗ್ಗನೆ ಹೊತ್ತಿತು. ಗೂಡಿನಲ್ಲಿ ಗೋಡೆಗೆ ಅಂಟಿಕೊಂಡು ನಿಂತ ಗಂಡ ಅವಳ ಕಣ್ಣಿಗೆ ಬಿದ್ದ. ನಗು ಅರ್ಧಕ್ಕೆ ನಿಂತಿತು, ತುಳಿಯುವ ಕಾಲು ನಿಲ್ಲಲಿಲ್ಲ.

ಬಾಲ್ದಿರಿ ಮೂಗು ಅರಳಿಸಿದ. "ಗಂಧಕದ ವಾಸ್ನೆ. ಬಳ್ಳಿಗೆ ಪುಡಿ ಹೊಡೆದೋರು ಯಾರೋ ಇಲ್ಲೇ ಇದ್ದಾರೆ ನೋಡು."

"ಯಾರೂ ಇಲ್ಲ," ಎಂದಳು ಸಿಂತಾ. "ನಮ್ ತೋಟದ್ದೇ ವಾಸ್ನೆ. ಗಾಳಿ ಈ ಕಡೆಗಿದೆ."

ಸೈಕಲ್ ಹೋಯಿತು. ದೀಪ ಆರುವವರೆಗೂ ಇಸಿದ್ರೆ ಅಲ್ಲಿಂದ ಕದಲಲಿಲ್ಲ.

ಆ ಸಂಜೆ ಸಿಂತಾ ಎಂದಿನಂತೆಯೇ ತಟ್ಟೆ ಇಟ್ಟಳು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ ಅವನಿಗೆ ಅರ್ಥವಾಯಿತು, ಮೂರು ತಿಂಗಳು ತಾನು ಹಲ್ಲು ಕಡಿದದ್ದು ತಪ್ಪು ಮನುಷ್ಯನ ಮೇಲೆ ಎಂದು. ಅವಳು ಬೇರೊಬ್ಬನನ್ನು ಇಟ್ಟುಕೊಂಡಿದ್ದು ನಿಜ. ಇವನದೇ ತೋಟದಲ್ಲಿ, ಇವನದೇ ಹೆಸರಿನಲ್ಲಿ ಇಟ್ಟುಕೊಂಡಿದ್ದಳು. ಆ ಮನುಷ್ಯ ಒಂದು ದಿನವೂ ಬೆನ್ನು ತಿರುಗಿಸಿರಲಿಲ್ಲ. ಅವನ ಮಾತೆತ್ತಿದರೆ ಅವಳ ಧ್ವನಿ ಎಷ್ಟು ಮೆತ್ತಗಾಗುತ್ತಿತ್ತು! ಬಾಲ್ದಿರಿಯ ಮೇಲೆ ಉರಿದದ್ದು ಏನೂ ಅಲ್ಲ, ಈ ಟೊಪ್ಪಿ ತೆಗೆಯುವವನ ಮೇಲೆ ಇಸಿದ್ರೆಗೆ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು.

ಮರುದಿನ ಎಂಟೂವರೆಗೇ ತೋಟದಲ್ಲಿದ್ದ. ಬಾದಾಮಿ ಮರದ ಬುಡದ ಒಂದೇ ಬಳ್ಳಿಗೆ ಮೂರು ಸಲ ಮಣ್ಣು ಕೆದಕಿದ. ಸೈಕಲ್ ಬರುವುದು ಕೇಳಿಸಿತು. ಈ ದಿನ ನಗು ಇರಲಿಲ್ಲ. ಇಸಿದ್ರೆ ಟೊಪ್ಪಿ ತೆಗೆದ. ಅದರ ಮೇಲಿದ್ದ ಗಂಧಕದ ಪುಡಿ ಉದುರಿ ಕಣ್ಣಿಗೆ ಬಿತ್ತು. ಕಣ್ಣೀರು ಸುರಿಯುತ್ತಲೇ, ಟೊಪ್ಪಿ ಹಿಡಿದ ಕೈಯನ್ನು ಮೇಲೆತ್ತಿದ. ತುಕ್ಕು ಹಿಡಿದ ಹಾಗಿತ್ತು ತೋಳು. ಇನ್ನೊಂದು ಕೈ ಗುದ್ದಲಿಯನ್ನು ಬಿಡಲಿಲ್ಲ.

ಸೈಕಲ್ ಮರ ದಾಟಿ ಓಲಾಡಿತು. ಸುರಂಗದ ಬಾಯಿಯ ಹತ್ತಿರ ಸಿಂತಾ ಕಾಲೂರಿ ನಿಲ್ಲಿಸಿಬಿಟ್ಟಳು. ಮೂರು ತಿಂಗಳಲ್ಲಿ ಅದು ಅಲ್ಲಿ ನಿಂತದ್ದಿಲ್ಲ.

"ಯಾಕೆ ನಿಂತ್ಕೊಂಡೆ? ಪಂಕ್ಚರ್ರಾ?" ಎಂದ ಬಾಲ್ದಿರಿ.

ಸಿಂತಾ ತೋಟದ ಕಡೆಗೇ ನೋಡುತ್ತಿದ್ದಳು. "ಅವ್ನು ಕೈ ಬೀಸ್ತಿದ್ದಾನೆ" ಎಂದಳು.

"ದಿನಾ ಬೀಸ್ತಾನಲ್ಲೇ. ಅದ್ರಲ್ಲೇನು?"

ಮೂವತ್ತು ಹೆಜ್ಜೆ ಆಚೆ ನಿಂತಿದ್ದ ಇಸಿದ್ರೆಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಸಿಂತಾ ಹೇಳುತ್ತಿದ್ದ ಆ ಇನ್ನೊಬ್ಬ ಎರಡೂ ಕೈ ಎತ್ತುತ್ತಿದ್ದ ಎಂಬುದು ನೆನಪಾಯಿತು. ಇಸಿದ್ರೆ ಗುದ್ದಲಿಯನ್ನು ನೆಲಕ್ಕೆ ಬಿಟ್ಟ.