ಕೆಂಪಾಜಮ್ಮನ ಕೈಗುಣ

ಹೆಡತಲೆ ಊರಿನಲ್ಲಿ ಯಾರ ಮನೆಯ ಕೋಳಿ ತೂಕಡಿಸಿದರೂ ಮೊದಲು ಕೆಂಪಾಜಮ್ಮನ ಬಾಗಿಲಿಗೆ ಬರುತ್ತಿತ್ತು. ಕಂಕುಳಲ್ಲಿ ಕೋಳಿ ಅವುಚಿಕೊಂಡು ಬಂದವರನ್ನು ಆಕೆ ಜಗುಲಿಯ ಮೇಲೆ ಕೂರಿಸಿ, ಕೋಳಿಯ ಬಾಯಿ ಬಿಡಿಸಿ, ರೆಕ್ಕೆ ಎತ್ತಿ ನೋಡಿ, ಬೆಳ್ಳುಳ್ಳಿಯೋ ಬೇವೋ ಏನೋ ಒಂದು ಹೇಳುತ್ತಿದ್ದಳು. ಬಹಳಷ್ಟು ಕೋಳಿಗಳು ಬದುಕುತ್ತಿದ್ದವು. ಅವು ತಮ್ಮ ಪಾಡಿಗೆ ತಾವೇ ಬದುಕಿಕೊಳ್ಳುತ್ತಿದ್ದವೋ ಏನೋ, ಹೆಸರು ಮಾತ್ರ ಕೆಂಪಾಜಮ್ಮನದು. ಅವಳ ಕೈಗುಣ ಒಳ್ಳೆಯದು ಎಂದು ಊರು ಹೇಳಿತು. ಆಕೆಯೂ ನಂಬಿದಳು.

ಎಲ್ಲರಿಗಿಂತ ಹೆಚ್ಚು ನಂಬಿದವಳು ಎದುರು ಮನೆಯ ಮಾದಮ್ಮ. ಗಂಡನಿಲ್ಲದ ಹೆಂಗಸು, ಒಬ್ಬಳೇ ಮಗಳು. ಆ ಮಗಳನ್ನು ಸೋಸಲೆಗೆ ಕೊಟ್ಟಿತ್ತು. ಎರಡನೇ ಹೆರಿಗೆಯ ಹೊತ್ತಿಗೆ ದೊಡ್ಡ ಮಗು ಸ್ಕೂಲಿಗೆ ಹೋಗುತ್ತಿದ್ದುದರಿಂದ ಮಗಳು ತವರಿಗೆ ಬರುವಂತಿರಲಿಲ್ಲ. ಹಾಗಾಗಿ ಬಾಣಂತನ ಮಾಡಲು ಮಾದಮ್ಮನೇ ಹೊರಟಳು. ಹೊರಡುವ ಮುನ್ನ ತನ್ನ ಒಂದೇ ಒಂದು ಕೋಳಿಯನ್ನು, ಬೋಳು ಕತ್ತಿನ ಕಪ್ಪು ಹ್ಯಾಟೆಯನ್ನು, ತಂದು ಕೆಂಪಾಜಮ್ಮನ ಕೈಗಿಟ್ಟಳು.

"ನಿನ್ ಕೈಲಿದ್ರೆ ನಂಗೇನ್ ಯೋಚ್ನೆ ಇಲ್ಲ ಕಣಕ್ಕ."

"ಓಗ್ಬಾ ನೀನು. ನಮ್ಮವುಗಳ ಜೊತೆ ಇದೂ ಒಂದು."

ಹೊಸ ಕೋಳಿಯನ್ನು ಕೆಲವು ದಿನ ಮಂಕರಿ ಬುಟ್ಟಿಯ ಕೆಳಗೆ ಮುಚ್ಚಿಟ್ಟು, ಉಳಿದವು ಹೊರಗಿನಿಂದ ನೋಡಿ ನೋಡಿ ಅಭ್ಯಾಸವಾದ ಮೇಲೆ ಬಿಡಬೇಕು ಎಂದು ಊರಿಗೆಲ್ಲ ಹೇಳುತ್ತಿದ್ದವಳು ಕೆಂಪಾಜಮ್ಮನೇ. ತಾನು ಮಾತ್ರ ಹಾಗೆ ಮಾಡಲಿಲ್ಲ. ತನ್ನ ಕೋಳಿಗಳು ತನ್ನ ಮಾತು ಮೀರುವುದಿಲ್ಲ ಎಂಬ ಜಂಬ. ಸೀದಾ ಹಿತ್ತಲಿಗೆ ಬಿಟ್ಟಳು.

ಹಿತ್ತಲಲ್ಲಿ ದರ್ಬಾರು ಒಂದು ಕೆಂಚು ಹ್ಯಾಟೆಯದು. ಮನೆಯವರೆಲ್ಲ ಅದನ್ನು ಗೌಡ್ತಿ ಎನ್ನುತ್ತಿದ್ದರು. ನುಚ್ಚು ಚೆಲ್ಲಿದರೆ ಮೊದಲು ಗೌಡ್ತಿ, ಆಮೇಲೆ ಉಳಿದವು. ಗೌಡ್ತಿ ಹೊಸಬಳನ್ನು ಗೋಡೆಯ ಮೂಲೆಗೆ ಒತ್ತರಿಸಿ ಕುಕ್ಕಿತು. ಯಜಮಾನಿ ಕುಕ್ಕಿದ್ದು ಕಂಡು, ಯಾವತ್ತೂ ಬಾಯಿ ಬಿಡದ ಪುಕ್ಕಲು ಕೋಳಿಗಳಿಗೂ ಧೈರ್ಯ ಬಂತು. ಸಂಜೆಯೊಳಗೆ ಬೋಳುಗತ್ತಿನ ಕೋಳಿಯ ಬೆನ್ನಿನ ಪುಕ್ಕ ಕಿತ್ತು ರಕ್ತ ಜಿನುಗುತ್ತಿತ್ತು.

ಕೆಂಪಾಜಮ್ಮ ಅಂಗೈಯಲ್ಲಿ ಅರಿಸಿನ ಸುಣ್ಣ ಕಲಸಿ ಗಾಯಕ್ಕೆ ಮೆತ್ತಿ, ಮತ್ತೆ ಅಲ್ಲಿಗೇ ಬಿಟ್ಟಳು. ಮಾರನೆಯ ದಿನ ಗಾಯ ದೊಡ್ಡದಾಗಿತ್ತು. ಇನ್ನಷ್ಟು ದಪ್ಪಗೆ ಮೆತ್ತಿದಳು. ಅದರ ಮಾರನೆಯ ದಿನ ಒಂದು ಕಣ್ಣು ಹೋಗಿತ್ತು. "ಆ ಕೋಳೀಗೆ ಒಂದಿಕೊಂಡು ಬಾಳಾಕೆ ಬರಾಕಿಲ್ಲ ಕಣ್ರವ್ವ," ಎಂದು ನಲ್ಲಿಯ ಹತ್ತಿರ ಹೆಂಗಸರಿಗೆ ಹೇಳಿದಳು. ಪೆಟ್ಟು ತಿಂದವರ ಮೇಲೇ ತಪ್ಪು ಹೊರಿಸುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ಕೇಳಿದವರೆಲ್ಲ ತಲೆಯಾಡಿಸಿದರು.

ಆ ಬುಧವಾರ ಮಾದಮ್ಮ ಫೋನ್ ಮಾಡಿದಳು.

"ಎಂಗದೆ ಅಕ್ಕ ನನ್ ಕೋಳಿ?"

"ಒಸಿ ಕುಕ್ಕಾಡ್ಕಂಡವೆ. ಅರಿಸಿನ ಸುಣ್ಣ ಅಚ್ಚಿವ್ನಿ, ವಾಸಿಯಾಯ್ತದೆ ಬುಡು." ಕಣ್ಣಿನ ವಿಷಯವನ್ನು ಕೆಂಪಾಜಮ್ಮ ನುಂಗಿಕೊಂಡಳು.

"ಇಲ್ಲೂ ನಮ್ ಬೀಗ್ತಿ ಕೋಳೀಗೆ ಇಂಗೇ ಆಗದೆ. ಅಂಗಾರೆ ನಾನೂ ಅದ್ನೇ ಅಚ್ತೀನಿ."

"ಅಚ್ಚು, ಅಚ್ಚು."

ಗುರುವಾರ ಬೆಳಿಗ್ಗೆ ಮದ್ದು ಕಲಸಿದ ಕೈಯಲ್ಲೇ ನುಚ್ಚು ಚೆಲ್ಲಲು ಹೋದಳು. ಗೌಡ್ತಿ ನುಚ್ಚು ಬಿಟ್ಟು ಆಕೆಯ ಅಂಗೈಯನ್ನೇ ಕುಕ್ಕಿತು. ಹಿಂದೆಯೇ ಉಳಿದವೂ ಮುಗಿಬಿದ್ದವು. ಕೈ ಎಳೆದುಕೊಂಡು ನೋಡಿದಳು. ಅರಿಸಿನಕ್ಕೆ ಸುಣ್ಣ ಬಿದ್ದು ಅಂಗೈ ನೆತ್ತರಿನಂತೆ ಕೆಂಪಗಿತ್ತು. ಎಷ್ಟು ಆರತಿಗೆ ಇದೇ ಎರಡನ್ನು ಕಲಸಿ ಕೆಂಪು ನೀರು ಮಾಡಿದ ಕೈ ಅದು! ಕೋಳಿಗಳು ಕೆಂಪು ಕಂಡರೆ ಕುಕ್ಕುತ್ತವೆ ಎಂಬುದೂ ಆಕೆಗೆ ಗೊತ್ತಿದ್ದದ್ದೇ. ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ ಅಷ್ಟೆ. ಇದನ್ನೇ ಕುಕ್ಕಿ ಎಂದು ತಾನೇ ಗುರುತು ಹಾಕಿ ಕಳಿಸಿದಂತಾಗಿತ್ತು.

ಮದ್ದು ತೊಳೆದಳು. ಬೇವಿನ ಎಣ್ಣೆಗೆ ಹೆಂಚಿನ ಮಸಿ ಕಲಸಿ, ಕೆಂಪು ಕಾಣದಂತೆ ಗಾಯಕ್ಕೆ ಹಚ್ಚಿ, ಬೋಳುಗತ್ತನ್ನು ಅಡಿಗೆಮನೆಯ ಮೂಲೆಯಲ್ಲಿಟ್ಟುಕೊಂಡಳು. ಗೌಡ್ತಿಯನ್ನು ಹಿಡಿದು ಒಂದು ವಾರ ಒಂಟಿಯಾಗಿ ಮಂಕರಿ ಕೆಳಗೆ ಹಾಕಿದಳು. ಆಮೇಲೆ ನುಚ್ಚನ್ನು ಒಂದೇ ಕಡೆ ಸುರಿಯದೆ ಹಿತ್ತಲ ತುಂಬ ಅಲ್ಲಲ್ಲಿ ಚೆಲ್ಲತೊಡಗಿದಳು. ಮಂಕರಿಯಿಂದ ಹೊರಬಂದ ಗೌಡ್ತಿಯ ಗತ್ತು ಇಳಿದಿತ್ತು. ವಾಸಿಯಾದ ಬೋಳುಗತ್ತನ್ನು ಮತ್ತೆ ಬಿಟ್ಟಾಗ ಯಾವುದೂ ಅದರ ತಂಟೆಗೆ ಹೋಗಲಿಲ್ಲ. ಕೋಳಿಗಳ ಕತೆ ಹೀಗೆ ಸರಿಹೋಯಿತು.

ಸರಿಹೋಗದೆ ಉಳಿದದ್ದು ಸೋಸಲೆಯ ಮಾತು. "ಫೋನ್ ಮಾಡಿ ಏಳ್ಬುಡಿ ಅತ್ತೆ, ಅವ್ರೂ ಅದ್ನೇ ಅಚ್ಬುಟ್ಟಾರು," ಎಂದು ಸೊಸೆ ವನಿತಾ ಆ ಗುರುವಾರವೇ ಹೇಳಿದ್ದಳು. ಕೆಂಪಾಜಮ್ಮ ಫೋನ್ ಕೈಗೆತ್ತಿಕೊಂಡಳು. ಮಾದಮ್ಮ ಬೀಗಿತಿಗೆ ಹೇಳುವುದು, ಬೀಗಿತಿ ನಗುವುದು, ಆ ನಗು ಬಸ್ಸು ಹತ್ತಿ ಹೆಡತಲೆಗೆ ಬರುವುದು, ಎಲ್ಲ ಕಣ್ಣ ಮುಂದೆ ಬಂತು. ಬಂದ ಮೇಲೆ ಹೇಳಿದರಾಯಿತು ಎಂದು ಫೋನ್ ಕೆಳಗಿಟ್ಟಳು. ಆಮೇಲೆ ಮಾದಮ್ಮ ಫೋನ್ ಮಾಡಿದಾಗಲೂ ಎತ್ತಲಿಲ್ಲ.

ಮೂರು ತಿಂಗಳು ಇದ್ದು ಬರುತ್ತೇನೆಂದು ಹೋಗಿದ್ದ ಮಾದಮ್ಮ ಒಂದು ತಿಂಗಳೂ ತುಂಬುವ ಮೊದಲೇ ಬ್ಯಾಗು ಹಿಡಿದು ಬಂದಳು. ತನ್ನ ಮನೆಯ ಬೀಗ ಕೂಡ ತೆಗೆಯದೆ ನೇರ ಕೆಂಪಾಜಮ್ಮನ ಹಿತ್ತಲಿಗೆ ಬಂದು, ಒಕ್ಕಣ್ಣಿನ ಕೋಳಿಯನ್ನು ಮಡಿಲಿಗೆ ಹಾಕಿಕೊಂಡು ಬೆನ್ನು ಸವರಿದಳು.

"ಇಷ್ಟೊಂದ್ ಕುಕ್ಕಿದ್ರೂ ನಿನ್ ಕೈಲಿ ಬದುಕ್ಕಂತು ನೋಡು. ನಾನೂ ಬೀಗ್ತಿ ಕೋಳೀಗೆ ನೀನ್ ಏಳ್ದಂಗೇ ಅಚ್ದೆ. ಆ ಭಾನುವಾರ್ವೇ ಸತ್ತೋಯ್ತು. ಕುಕ್ಕಿ ಕುಕ್ಕಿ ಸಾಯಿಸ್ಬುಟ್ವು." ಕೋಳಿಯನ್ನು ಸವರುತ್ತಲೇ ಮುಂದುವರಿಸಿದಳು: "ನಿಮ್ ಕೈಗುಣ ಸರೀಗಿಲ್ಲ, ಮಗೀಗೆ ನೀವು ನೀರು ಉಯ್ಯೋದ್ ಬ್ಯಾಡ ಅಂದ್ಬುಟ್ರು ಬೀಗ್ತಿ. ಇಷ್ಟ್ ದಿನ ತಡ್ಕಂಡೆ, ಮಗೀನ ಮುಟ್ದೆ ಇರೋ ಬಾಣಂತನ ಯಾಕೆ ಅಂತ ಬಂದ್ಬುಟ್ಟೆ."

ಹೇಳಿ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

ಕೆಂಪಾಜಮ್ಮನ ಬಾಯಿಗೆ ಬಂದದ್ದು, "ಕಾಫಿ ಕುಡಿತೀಯಾ?" ಎಂಬ ಮಾತು. ಒಳಗೆ ಹೋದಳು. ಒಲೆ ಹಚ್ಚಿದಳು, ಆರಿಸಿದಳು. ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಾದಮ್ಮ ತನ್ನ ಕೈಯನ್ನೇ ಬೈದುಕೊಂಡು ಇರುತ್ತಿದ್ದಳು. ಕೊನೆಗೆ ಅರಿಸಿನದ ಡಬ್ಬಿಯನ್ನೂ ಸುಣ್ಣದ ಕಾಯನ್ನೂ ತಂದು, ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಅಂಗೈಯಲ್ಲಿ ಕಲಸಿ, ಕೋಳಿಗಳ ಮುಂದೆ ಚಾಚಿದಳು. ಗೌಡ್ತಿ ಓಡಿ ಬಂತು. ಉಳಿದವೂ ಬಂದವು. ಚರ್ಮ ಕಿತ್ತು ನಿಜವಾದ ನೆತ್ತರು ಬರುವವರೆಗೂ ಆಕೆ ಕೈ ತೆಗೆಯಲಿಲ್ಲ.

"ಏನಕ್ಕ ಇದು!"

"ಕೆಂಪು ಕಂಡ್ರೆ ಕುಕ್ತವೆ ಕಣೆ. ನಿನ್ ಕೈ ಅಲ್ಲ, ನಾನ್ ಏಳಿದ್ ಮದ್ದು ಅದ್ನ ಸಾಯಿಸಿದ್ದು."

ಮಾದಮ್ಮ ಆ ಕೈಯನ್ನು ಹಿಡಿದು ನೋಡಿದಳು. ಆಮೇಲೆ ಕೇಳಿದಳು: "ನಿಂಗ್ ಯಾವಾಗ ಗೊತ್ತಾಯ್ತು?"

"ಗುರುವಾರ. ನೀನ್ ಫೋನ್ ಮಾಡಿದ್ ಮಾರ್ನೆ ದಿನ್ವೇ."

"ಅದು ಸತ್ತಿದ್ದು ಭಾನುವಾರ ಕಣಕ್ಕ. ಅದುಕ್ಕೇನಾ ನೀನು ಫೋನ್ ಎತ್ನಿಲ್ಲ?"

ಕೆಂಪಾಜಮ್ಮ ತಲೆ ಬಗ್ಗಿಸಿದಳು. ಮಾದಮ್ಮ ಬೈಯಲಿಲ್ಲ. ಸೋಸಲೆಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಆ ಕೆಂಪು ಕೈಗೇ ಕೊಟ್ಟಳು.

"ನೀನೇ ಏಳು."

"ನಾನು ಎದುರ್ಮನೆ ಕೆಂಪಾಜಿ ಕಣವ್ವ," ಎಂದು ಶುರುಮಾಡಿ ಆಕೆ ಎಲ್ಲ ಹೇಳಿದಳು. ಮದ್ದಿನ ವಿಷಯ ಹೇಳುವುದು ಸುಲಭವಾಗಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದನ್ನು ಹೇಳಲು ಎರಡು ಸಲ ಮೊದಲಿಂದ ಶುರುಮಾಡಬೇಕಾಯಿತು. ಆ ಕಡೆ ಮಗು ಅಳುತ್ತಿತ್ತು.

"ಮೊದ್ಲೇ ಏಳಾಕೆ ಏನಾಗಿತ್ತು ನಿಮ್ಗೆ? ವಯಸ್ಸಾದೋರು ನೀವು," ಎಂದರು ಬೀಗಿತಿ. ಅಳುವ ಮಗುವನ್ನು ಜೋಜೋ ಎಂದು ಸಂತೈಸಿ, "ಬೀಗ್ತಿ ಬರ್ಲಿ. ಮಗೀಗೆ ನೀರು ಉಯ್ಯಾಕೆ ಅವ್ರೇ ಬರ್ಬೇಕು," ಎಂದು ಫೋನ್ ಇಟ್ಟರು.

ಮಾದಮ್ಮ ಮುಖ ತೊಳೆದು ಸೆರಗಿನಲ್ಲಿ ಒರೆಸಿಕೊಂಡಳು. ನಂಜನಗೂಡಿಗೆ ಹೋಗಿ ನರಸೀಪುರದ ಬಸ್ಸು ಹಿಡಿದರೆ ಸಂಜೆಯೊಳಗೆ ಸೋಸಲೆ ಸೇರಬಹುದಿತ್ತು. ಒಂದು ಕೈಯಲ್ಲಿ ಬ್ಯಾಗು ಎತ್ತಿಕೊಂಡಳು. ಇನ್ನೊಂದು ಕಂಕುಳಲ್ಲಿ ಒಕ್ಕಣ್ಣಿನ ಕೋಳಿಯನ್ನು ಅವುಚಿಕೊಂಡಳು. ಕೋಳಿಯನ್ನು ಇಲ್ಲೇ ಬಿಟ್ಟು ಹೋಗು, ನಾನು ನೋಡಿಕೊಳ್ಳುತ್ತೇನೆ ಎನ್ನಲು ಕೆಂಪಾಜಮ್ಮನಿಗೆ ಬಾಯಿ ಬರಲಿಲ್ಲ.