ಅಕ್ಕನಿಗೆ ಕಾಣದ ನೀಲಿ ಅಣಬೆಗಳು

ಆ ಆಟ ಬಿಡುಗಡೆಯಾದ ವಾರವೇ ಅಕ್ಕ ಕರಜಗಿಯಿಂದ ಆಳಂದಕ್ಕೆ, ನಮ್ಮ ಮನೆಗೆ ಬಂದಿದ್ದಳು. ನಾನು ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಒಬ್ಬಳೇ ಇರುತ್ತೇನೆ. ನಲವತ್ತರ ಆಸುಪಾಸಿನ ಹೆಂಗಸರಿಬ್ಬರು ಟಿವಿ ಮುಂದೆ ಕೂತು ವಿಡಿಯೊ ಗೇಮ್ ಆಡುತ್ತಾರೆಂದರೆ ಓಣಿಯವರು ನಗುತ್ತಾರೆ. ನಗಲಿ. ಅಪ್ಪ ಜೇವರ್ಗಿಯಲ್ಲಿ ನೌಕರಿಯಲ್ಲಿದ್ದಾಗ ಮನೆಗೆ ಟಿವಿ ಗೇಮ್ ತಂದಿದ್ದ. ಓಡುತ್ತ, ಜಿಗಿಯುತ್ತ, ತಗ್ಗು ದಾಟುತ್ತ ಹೋಗುವ ಆಟಗಳಲ್ಲಿ ಅಕ್ಕನನ್ನು ಮೀರಿಸುವವರೇ ಇರಲಿಲ್ಲ. ಮದುವೆಯಾಗಿ ಅಫಜಲಪುರದ ಕಡೆಯ ಕರಜಗಿಗೆ ಹೋದ ಮೇಲೂ ಆಕೆಗೆ ಆ ಹುಚ್ಚು ಬಿಡಲಿಲ್ಲ. ಹೊಸದು ಯಾವುದೇ ಬರಲಿ, "ತಗೊಂಡೀಯೇನ್ಬೇ?" ಎಂದು ಫೋನು ಬರುತ್ತಿತ್ತು.

ಈ ಆಟದ ನಾಯಕ ಒಂದು ಆಡಿನ ಮರಿ. ತಾಯಿಯಿಂದ ತಪ್ಪಿಸಿಕೊಂಡು ಗುಡ್ಡದ ತುದಿಗೆ ಹತ್ತುತ್ತ ಹೋಗುವುದು, ಅಷ್ಟೇ ಕಥೆ. ಆದರೆ ಮಾಡಿದವರ ಕೈ ಚೊಕ್ಕಟವಾಗಿತ್ತು. ಗುಂಡಿಯನ್ನು ಎಷ್ಟು ಹೊತ್ತು ಒತ್ತುತ್ತೇವೋ ಮರಿ ಅಷ್ಟು ದೂರ ಜಿಗಿಯುತ್ತದೆ. ಇಳಿದಾಗ ಮೊಣಕಾಲು ಕುಸಿಯುತ್ತದೆ, ಕಾಲಡಿ ಧೂಳು ಏಳುತ್ತದೆ. ಕಲ್ಲಿನ ಮೇಲೆ ಗೊರಸಿನ ಸದ್ದು ಬೇರೆ, ಹಲಗೆಯ ಮೇಲೆ ಬೇರೆ. ಮೊದಲ ಹಂತದ ಬಿಸಿಲಿಗೆ ನಮ್ಮ ತೊಗರಿ ಹೊಲ ಹೂ ಬಿಟ್ಟಾಗಿನ ಹಳದಿ ಇತ್ತು. ಬಿದ್ದರೆ ಮತ್ತೆ ಬಹಳ ಹಿಂದಿನಿಂದ ಶುರು ಮಾಡಬೇಕು ಎಂಬುದೊಂದೇ ನನ್ನ ತಕರಾರು.

"ಏನ್ ಚಂದ ಜಿಗೀತೈತಿ ನೋಡ್ಬೇ!" ಎಂದು ಅಕ್ಕ ಕುಣಿದಂತೆ ಕೂತಲ್ಲೇ ಅಲ್ಲಾಡಿದಳು. ಮೊದಲ ಹಂತವನ್ನು ಒಮ್ಮೆಯೂ ಬೀಳದೆ ದಾಟಿದಳು.

ಎರಡನೆಯದು ಗವಿ. ಅಲ್ಲಿ ಮೊದಲ ಜಿಗಿತಕ್ಕೇ ಬಿದ್ದಳು. ಮತ್ತೆ ಬಿದ್ದಳು. ಅದೇ ಜಾಗದಲ್ಲಿ, ಮತ್ತೆ ಮತ್ತೆ.

"ಕತ್ತಲ್ಯಾಗ ಎಲ್ಲಿಗಂತ ಜಿಗೀಬೇಕು? ಇದನ್ನ ಮಾಡಿದವ್ರಿಗೆ ಅಕ್ಕಲ್ ಇಲ್ಲ."

"ಬಲಕ್ಕ ನೀಲಿ ಅಣಬಿ ಹೊಳ್ಯಾಕತ್ತಾವಲ್ಲ ಅಕ್ಕಾ. ಅದೇ ಅಂಚು."

"ಎಲ್ಲಿ ಅಣಬಿ?"

ಮಸ್ಕಿರಿ ಮಾಡುತ್ತಿದ್ದಾಳೆ ಅಂದುಕೊಂಡೆ. ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟೆ. ಆಕೆ ತಲೆಯನ್ನು ಇಡಿಯಾಗಿ ಬೆರಳಿನತ್ತ ತಿರುಗಿಸಿದಳು. "ಹಾಂ, ಈಗ ಕಂಡ್ತು," ಎಂದಳು. ಮರಿಯತ್ತ ನೋಡಿದಳು. "ಹೋತು."

ಆಕೆಯ ಎದುರಿಗೆ ಕೂತು ಎರಡೂ ಕೈ ಅಗಲಿಸಿದೆ. "ನನ್ನ ಮೂಗು ಅಷ್ಟೇ ನೋಡು. ಕೈ ಕಾಣ್ತಾವೇನು?"

"ಕೈ ಎಲ್ಲಿ ಇಟ್ಟೀ?" ಎಂದು ಕೇಳಿದಳು ಅಕ್ಕ.

ನಡು ಮಧ್ಯಾಹ್ನ. ಕಿಟಕಿಯಿಂದ ಬಿಸಿಲು ನನ್ನ ತೋಳಿನ ಮೇಲೆಯೇ ಬಿದ್ದಿತ್ತು.

ಆಮೇಲೆ ಒಂದೊಂದೇ ಹೊರಬಂತು. ಸಂಜೆಯಾದರೆ ಹೊಸ್ತಿಲು ಎಡವುತ್ತಾಳಂತೆ. ಕಟ್ಟಿದ ಎಮ್ಮೆಕರುವಿನ ಮೇಲೆ ಬಿದ್ದಿದ್ದಳಂತೆ. ಹಾಲಿನ ತಂಬಿಗೆ ಉರುಳಿಸಿದಾಗ ಅತ್ತೆ, "ಖಬರ್ ಎಲ್ಲಿ ಇಟ್ಟಿರ್ತೀ?" ಎಂದು ಬೈದಿದ್ದಳಂತೆ. "ನನಗ ಖಬರ್ ಕಡಿಮಿ ಆಗೈತಿ ಅಂತಲೇ ತಿಳಕೊಂಡಿದ್ದೆ ತಂಗಿ," ಎಂದಳು.

ಭಾವನನ್ನು ಕರೆಸಿಕೊಂಡು ಮೂವರೂ ಕಲಬುರಗಿಗೆ ಹೋದೆವು. ಡಾಕ್ಟರು ಹಲವು ಯಂತ್ರಗಳ ಮುಂದೆ ಕೂಡಿಸಿ ನೋಡಿದರು. ಕಣ್ಣಿನ ಒಳಪರದೆ ಅಂಚಿನಿಂದ ಸಾಯುತ್ತ ನಡುವಿಗೆ ಬರುತ್ತಿದೆ, ಚಾಳೀಸಿನ ಕನ್ನಡಕಕ್ಕೂ ಆಪರೇಷನ್ನಿಗೂ ಬಗ್ಗುವ ರೋಗವಲ್ಲ ಎಂದರು.

"ಪೂರಾ ಹೋಗ್ತೈತೇನ್ರಿ?" ಭಾವ ಕೇಳಿದ.

"ಭಾಳ ನಿಧಾನಕ್ಕ. ಎಷ್ಟು ವರ್ಷ ಅಂತ ಹೇಳಾಕ ಬರಂಗಿಲ್ರಿ."

ಭಾವ ರುಮಾಲು ಬಿಚ್ಚಿ ಮಡಿಸಿ, ಮತ್ತೆ ಬಿಚ್ಚಿದ. ಅಕ್ಕ ಮಾತ್ರ, "ನಡೀರಿ, ಬಸ್ಸು ತಪ್ತೈತಿ," ಎಂದು ಎದ್ದಳು.

ಮರುದಿನ ಬೆಳಿಗ್ಗೆ ಆಕೆಯೇ, "ಹಚ್ಚು ಆಟ," ಎಂದಳು. ಚಾಪೆಯನ್ನು ಹಿಂದಕ್ಕೆ ಎಳೆದುಕೊಂಡು ಗೋಡೆಗೆ ಬೆನ್ನು ಹಚ್ಚಿ ಕೂತಳು. ದೂರ ಸರಿದಷ್ಟೂ ಪರದೆ ಹೆಚ್ಚು ಕಾಣುತ್ತದೆಂದು ತಾನೇ ಕಂಡುಕೊಂಡಿದ್ದಳು. ಹಲಗೆಯ ಮೇಲೆ ಗೊರಸು ಟಪ್ ಎಂದಾಗ ಇನ್ನೇನು ಅಂಚು ಬಂತೆಂದು ಕಿವಿಯಿಂದಲೇ ಎಣಿಸಿ ಮೊದಲ ತಗ್ಗು ದಾಟಿದಳು. ನಾನು ಚಪ್ಪಾಳೆ ತಟ್ಟಿದೆ. ಮುಂದಿನ ತಗ್ಗಿನ ಅಂಚು ಬರೀ ಕಲ್ಲು. ಅಲ್ಲಿ ಸದ್ದು ಬದಲಾಗಲಿಲ್ಲ. ಹೊತ್ತು ನೆತ್ತಿಗೇರುವವರೆಗೂ ಬಿದ್ದಳು. ಕೊನೆಗೆ ರಿಮೋಟನ್ನು ನನ್ನ ತೊಡೆಯ ಮೇಲಿಟ್ಟು, "ನೀನೇ ಆಡು. ಏನೇನು ಕಾಣಾಕತ್ತೈತಿ ಹೇಳ್ಕೋತ ಆಡು," ಎಂದಳು.

ಹೇಳುತ್ತ ಆಡಿದೆ. ಗವಿಯ ಆಚೆಗೆ ಹಳ್ಳವಿತ್ತು, ಹಳ್ಳದಾಚೆ ಹಿಮ. ನನ್ನ ದನಿ ಎಲ್ಲೋ ಒಡೆಯಿತು. "ಅಳಬ್ಯಾಡ. ಮರಿ ಬೀಳ್ತೈತಿ," ಎಂದಳು ಅಕ್ಕ. ಆ ಹೊತ್ತಿಗೆ ಮರಿ ಬಿದ್ದಾಗಿತ್ತು.

ಈಗ ಕರಜಗಿಯ ಮನೆಯಲ್ಲಿ ಭಾವ ಮೆಟ್ಟಿಲಿನ ಅಂಚುಗಳಿಗೆಲ್ಲ ಸುಣ್ಣ ಬಳಿದಿದ್ದಾನೆ. ಅತ್ತೆ ಬೈಯುವುದಿಲ್ಲ. ಬೈಯದಿರುವುದೇ ಅಕ್ಕನಿಗೆ ಹೆಚ್ಚು ಸಂಕಟ. ಆಟದ ಮಾತು ಫೋನಿನಲ್ಲಿ ನಿಂತುಹೋಯಿತು. ನಾನೂ ಆ ಮಾತು ಎತ್ತುವುದಿಲ್ಲ.

ಹೋದ ತಿಂಗಳು ನಾನೇ ಅಲ್ಲಿಗೆ ಹೋಗಿದ್ದೆ. ಅಂಗಳದಲ್ಲಿ ನನ್ನ ಗದ್ದ ಹಿಡಿದು ಮುಖವನ್ನು ತುಂಡುತುಂಡಾಗಿ ನೋಡಿದಳು. ಮೊದಲು ಹಣೆ, ಆಮೇಲೆ ಒಂದು ಕಣ್ಣು, ಇನ್ನೊಂದು, ತುಟಿ. ಬಹಳ ಹೊತ್ತು ನೋಡಿದಳು.

"ಅವ್ವನಂಗ ಆಗಾಕತ್ತೀ," ಎಂದಳು. "ಒಂದೀಟು ಬಿಸಿಲಿಗೆ ಬಾ."

ಹೋಗಿ ಬಿಸಿಲಲ್ಲಿ ನಿಂತೆ.